ಕೆಲಸ ಬಿಟ್ಟ ಮೇಲೆ ಶುರುವಾಗುವ ಕಲೆ: ಕೊಯಮತ್ತೂರು-ತಿರುಪ್ಪೂರಿನ ಕುಮ್ಮಿ ತಂಡಗಳಿಂದ ನಮ್ಮ ದಫ್ ಹುಡುಗರು ಕಲಿಯಬಹುದಾದ್ದೇನು?

ನಮ್ಮ ಕರಾವಳಿಯ ಯಾವ ಊರಿಗೆ ಹೋದರೂ ಒಂದು ದಫ್ ತಂಡದ ಕಥೆ ಕೇಳಲು ಸಿಗುತ್ತದೆ. ಹತ್ತು ಹನ್ನೆರಡು ಹುಡುಗರು ಸೇರುತ್ತಾರೆ. ಚಂದಾ ಎತ್ತಿ ದಫ್ ತರಿಸುತ್ತಾರೆ, ಎಲ್ಲರೂ ಒಂದೇ ಬಣ್ಣದ ಅಂಗಿ ಹೊಲಿಸುತ್ತಾರೆ. ಮೊದಲ ವರ್ಷ ಮೀಲಾದ್ ಜಾಥಾದಲ್ಲಿ, ಒಂದೆರಡು ಮದುವೆ ಮನೆಯಲ್ಲಿ, ಪಕ್ಕದೂರಿನ ಸ್ಪರ್ಧೆಯಲ್ಲಿ ಬಾರಿಸುತ್ತಾರೆ. ಎರಡನೇ ವರ್ಷಕ್ಕೆ ಇಬ್ಬರು ಗಲ್ಫಿಗೆ ಹೋಗುತ್ತಾರೆ, ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಮೂರನೇ ವರ್ಷಕ್ಕೆ ದಫ್‌ಗಳು ಯಾರದೋ ಮನೆಯ ಅಟ್ಟ ಸೇರುತ್ತವೆ. "ಈಗಿನ ಹುಡುಗರಿಗೆ ಆಸಕ್ತಿ ಇಲ್ಲ ಮಾರಾಯ್ರೆ" ಎಂದು ಹಿರಿಯರು ಹೇಳುತ್ತಾರೆ. "ನಮ್ಮನ್ನು ಕೇಳುವವರು ಯಾರಿದ್ದಾರೆ?" ಎಂದು ಹುಡುಗರು ಕೇಳುತ್ತಾರೆ.

ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಪೂರ್ತಿ ಉತ್ತರ ಬೇರೆ ಕಡೆ ಇದೆ. ಹವ್ಯಾಸಕ್ಕಾಗಿ ಕಲೆ ಹಿಡಿದವನಿಗೆ ಪ್ರತಿಭೆಯ ಕೊರತೆಗಿಂತ ದೊಡ್ಡ ತೊಂದರೆಗಳು ನಾಲ್ಕು: ಅಭ್ಯಾಸಕ್ಕೆ ಸಮಯ ಇಲ್ಲ, ಜಾಗ ಇಲ್ಲ, ತಪ್ಪು ತಿದ್ದುವವರಿಲ್ಲ, ಕೊನೆಗೆ ನೋಡುವವರಿಲ್ಲ. ಈ ನಾಲ್ಕನ್ನೂ ಎದುರಿಸಿ, ಹೆಚ್ಚು ಕಡಿಮೆ ಸತ್ತೇ ಹೋಗಲಿದ್ದ ಒಂದು ಕಲೆಯನ್ನು ಮತ್ತೆ ಬೀದಿಗೆ ತಂದವರ ಉದಾಹರಣೆ ನಮಗೆ ಹತ್ತಿರದಲ್ಲೇ ಇದೆ. ಅದು ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳದ್ದು. ಅವರ ಕಲೆಯ ಹೆಸರು ವಳ್ಳಿ ಕುಮ್ಮಿ.

ಅವರ ಕಲೆ ಬೇರೆ, ಹಾಡು ಬೇರೆ, ನಂಬಿಕೆ ಬೇರೆ. ಆದರೆ ದುಡಿಯುವ ಮನುಷ್ಯ ಸಂಜೆ ಹೊತ್ತು ಕಲೆ ಕಲಿಯಲು ಪಡುವ ಪಾಡು ಎಲ್ಲಾ ಕಡೆ ಒಂದೇ.

ದುಡಿಮೆಯ ಎರಡು ಜಿಲ್ಲೆಗಳು

ಕೊಯಮತ್ತೂರು, ತಿರುಪ್ಪೂರು, ಈರೋಡು ಭಾಗವನ್ನು ಒಟ್ಟಾಗಿ ಕೊಂಗುನಾಡು ಅಂತಾರೆ. ತಿರುಪ್ಪೂರು ಮೊದಲು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. 2009ರಲ್ಲಿ ಅವಿನಾಶಿ, ಪಲ್ಲಡಂ, ಉಡುಮಲೈಪೇಟೈ, ಧಾರಾಪುರಂ, ಕಾಂಗೇಯಂ ಮುಂತಾದ ತಾಲೂಕುಗಳನ್ನು ಸೇರಿಸಿ ಬೇರೆ ಜಿಲ್ಲೆ ಮಾಡಿದರು. ಕೊಯಮತ್ತೂರಿನಲ್ಲಿ 1888ರಲ್ಲೇ ನೂಲಿನ ಗಿರಣಿ ಶುರುವಾಗಿತ್ತು. ಆಮೇಲೆ ಪಂಪ್‌ಸೆಟ್, ಮೋಟಾರು, ಯಂತ್ರದ ಬಿಡಿಭಾಗಗಳ ಕಾರ್ಖಾನೆಗಳು ಬಂದವು. ತಿರುಪ್ಪೂರು ಎಂದರೆ ಬನಿಯನ್, ಟೀ ಶರ್ಟ್. ನಾವು ಹಾಕುವ ಬನಿಯನಿನಿಂದ ಹಿಡಿದು ಯುರೋಪಿನ ಅಂಗಡಿಗಳಲ್ಲಿ ಮಾರುವ ಟೀ ಶರ್ಟ್‌ವರೆಗೆ ಅಲ್ಲಿ ಹೊಲಿಯುತ್ತಾರೆ. ಅಲ್ಲಿ ಆರಂಭದಲ್ಲೇ ಹೆಣಿಗೆ ಯಂತ್ರ ತಂದು ಕಂಪೆನಿ ಶುರು ಮಾಡಿದವರಲ್ಲಿ ಗುಲಾಂ ಕಾದರ್ ಎಂಬ ಮುಸ್ಲಿಂ ವ್ಯಾಪಾರಿಯ ಹೆಸರು ಮುಖ್ಯವಾಗಿ ಕೇಳಿಬರುತ್ತದೆ ಎನ್ನುವುದು ನಮ್ಮ ಯುವಕರಿಗೆ ಗೊತ್ತಿರಲಿ.

ಈ ಜಿಲ್ಲೆಗಳು ಕನ್ನಡಕ್ಕೂ ಹೊರಗಿನವಲ್ಲ. ಮನೆಯೊಳಗೆ ಇವತ್ತಿಗೂ ಕನ್ನಡ ಮಾತಾಡುವ ದೇವಾಂಗ ನೇಕಾರರು, ಒಕ್ಕಲಿಗ ರೈತರು ಅಲ್ಲಿ ತಲೆಮಾರುಗಳಿಂದ ಇದ್ದಾರೆ. ಹೊರಗೆ ತಮಿಳು, ಒಳಗೆ ಕನ್ನಡ. ಹೊರಗೆ ಕನ್ನಡ, ಒಳಗೆ ಬ್ಯಾರಿ ಎಂದು ಬದುಕುವ ನಮಗೆ ಇದು ಅರ್ಥವಾಗದ ಸಂಗತಿ ಏನಲ್ಲ.

ವಳ್ಳಿ ಕುಮ್ಮಿ ಅಂದರೇನು?

ಕುಮ್ಮಿ ಎಂದರೆ ವೃತ್ತಾಕಾರದಲ್ಲಿ ನಿಂತು, ಚಪ್ಪಾಳೆ ತಟ್ಟುತ್ತಾ, ಹೆಜ್ಜೆ ಹಾಕುತ್ತಾ ಹಾಡಿಗೆ ಕುಣಿಯುವ ಕಲೆ. ಇದೇ ಭಾಗದಲ್ಲಿ ಒಯಿಲಾಟ ಎಂಬ ಇನ್ನೊಂದು ಸಾಲು ಕುಣಿತವೂ ಇದೆ. ಎರಡೂ ಬೆರೆತದ್ದಕ್ಕೆ ಒಯಿಲ್ ಕುಮ್ಮಿ ಎಂಬ ಹೆಸರು. ಕಥೆ ಮುರುಗನ್ ಮತ್ತು ವಳ್ಳಿಯರದ್ದು. ನವಣೆ ಹೊಲ ಕಾಯುವ ಬೇಡರ ಹುಡುಗಿ ವಳ್ಳಿ, ಅವಳನ್ನು ಮದುವೆಯಾಗಲು ವೇಷ ಬದಲಿಸಿ ಬರುವ ಮುರುಗನ್. ಈ ಕಥೆಯನ್ನು ಹಾಡು ಹಾಡಾಗಿ ಬಿಡಿಸಿ, ಒಂದೊಂದು ಹಾಡಿಗೆ ಒಂದೊಂದು ಬಗೆಯ ಹೆಜ್ಜೆ ಇಟ್ಟು ಗಂಟೆಗಟ್ಟಲೆ ಆಡುತ್ತಾರೆ. ನಡುವೆ ನಿಂತು ಹಾಡುವವರನ್ನು, ಹೇಳಿಕೊಡುವವರನ್ನು ವಾತ್ಯಾರ್ ಅಂತಾರೆ. ಅಂದರೆ ಮೇಷ್ಟ್ರು.

ಇಲ್ಲಿ ಕುಣಿಯುವವರು ಯಾರೂ ವೃತ್ತಿ ಕಲಾವಿದರಲ್ಲ. ರೈತ, ಮಗ್ಗದವ, ಬನಿಯನ್ ಕಂಪೆನಿಯ ಟೈಲರ್, ಕಾಲೇಜು ಹುಡುಗಿ, ಮನೆ ನೋಡಿಕೊಳ್ಳುವ ಹೆಂಗಸು, ಅವಳ ಅತ್ತೆ, ಎಂಜಿನಿಯರ್, ಎಂಟು ವರ್ಷದ ಮಗು ಎಲ್ಲರೂ ಒಂದೇ ಸುತ್ತಿನಲ್ಲಿ ಇರುತ್ತಾರೆ. ಹಿಂದೆ ಇದು ಗಂಡಸರ ಕಲೆ. ಊರ ಹಬ್ಬದ ರಾತ್ರಿಗಳಲ್ಲಿ ಗಂಡಸರು ಮಾತ್ರ ಆಡುತ್ತಿದ್ದರು. ಸಿನಿಮಾ ಬಂತು, ಟಿವಿ ಬಂತು, ಹುಡುಗರು ಗಿರಣಿ ಕಂಪೆನಿ ಎಂದು ಪೇಟೆ ಸೇರಿದರು. ಊರೂರಲ್ಲಿ ಇದ್ದ ತಂಡಗಳು ಒಂದೊಂದೇ ನಿಂತವು. ಹಾಡು ಗೊತ್ತಿದ್ದವರು ಕೆಲವೇ ಮುದುಕರು ಉಳಿದರು.

ಅಂಥ ಹಿರಿಯರಲ್ಲಿ ಒಬ್ಬರು ಕೊಯಮತ್ತೂರು ಜಿಲ್ಲೆಯ ಎಂ. ಬದ್ರಪ್ಪನ್. 2024ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ವಯಸ್ಸು 87. ಅವರನ್ನು ಗೌರವಿಸುವಾಗ ಕೇಂದ್ರ ಸರ್ಕಾರ ಮುಖ್ಯವಾಗಿ ಎತ್ತಿ ಹೇಳಿದ್ದು ಒಂದು ಮಾತು: ಗಂಡಸರದ್ದೇ ಆಗಿದ್ದ ಈ ಕಲೆಯನ್ನು ಅವರು ಹೆಂಗಸರಿಗೂ ಕಲಿಸಿದರು. ಇದು ಕೇಳಲು ಸಣ್ಣ ಬದಲಾವಣೆ. ಆದರೆ ಇವತ್ತು ಕೊಂಗುನಾಡಿನಲ್ಲಿ ಕುಮ್ಮಿ ಮತ್ತೆ ಎದ್ದು ನಿಂತಿದ್ದರೆ ಅದಕ್ಕೆ ಹೆಂಗಸರು ಬಂದದ್ದೇ ದೊಡ್ಡ ಕಾರಣ. ಅದು ಹೇಗೆ ಎಂಬುದನ್ನು ಮುಂದೆ ನೋಡೋಣ. ಮೊದಲು ಆ ನಾಲ್ಕು ತೊಂದರೆಗಳು.

ಒಂದು: ಸಮಯ ಎಲ್ಲಿಂದ ತರುವುದು?

ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ದುಡಿಯುವವರ ದಿನ ಬೆಳಗ್ಗೆ ಎಂಟೂವರೆಗೆ ಶುರು. ಆರ್ಡರ್ ಇದ್ದರೆ ಒಂದೂವರೆ ಷಿಫ್ಟ್, ಅಂದರೆ ರಾತ್ರಿ ಎಂಟೂವರೆ ತನಕ. ಹಡಗಿಗೆ ಮಾಲು ಕಳುಹಿಸುವ ದಿನ ಹತ್ತಿರ ಬಂದರೆ ಇನ್ನೂ ತಡ. ಅನೇಕರಿಗೆ ಪೀಸ್ ರೇಟ್. ಹೊಲಿದಷ್ಟು ದುಡ್ಡು. ಶನಿವಾರ ವಾರದ ಸಂಬಳ, ಆದಿತ್ಯವಾರ ರಜೆ. ಆ ಒಂದು ದಿನದಲ್ಲಿ ಬಟ್ಟೆ ಒಗೆಯಬೇಕು, ರೇಷನ್ ತರಬೇಕು, ಮಕ್ಕಳನ್ನು ನೋಡಬೇಕು.

ಇಂಥವನಿಗೆ "ದಿನಾ ಎರಡು ಗಂಟೆ ಅಭ್ಯಾಸ ಮಾಡು, ದೊಡ್ಡ ಕಲಾವಿದ ಆಗ್ತೀಯ" ಎಂದು ಹೇಳಿದರೆ ಏನು ಪ್ರಯೋಜನ? ಅಭ್ಯಾಸಕ್ಕೆ ಕೊಡುವ ಒಂದು ಗಂಟೆ ಎಂದರೆ ಅವನಿಗೆ ಒಂದು ಗಂಟೆಯ ಕೂಲಿ. ಓವರ್‌ಟೈಮ್ ಬಿಟ್ಟು ಬಂದರೆ ಮನೆಯಲ್ಲಿ ಮಾತು ಕೇಳಬೇಕು. ಹವ್ಯಾಸಿ ಕಲಾವಿದರ ಬಗ್ಗೆ ಮಾತಾಡುವಾಗ ನಾವು ಮರೆಯುವ ಮೊದಲ ಲೆಕ್ಕ ಇದು.

ಕುಮ್ಮಿ ತಂಡಗಳು ಇದಕ್ಕೆ ಕಂಡುಕೊಂಡ ದಾರಿ ಸರಳ. ಕಲಿಕೆಗೆ ಅವಧಿ ನಿಗದಿ ಮಾಡುತ್ತಾರೆ. ಒಂದು ಊರಿಗೆ ವಾತ್ಯಾರ್ ಬಂದರೆ ಸಾಮಾನ್ಯವಾಗಿ ಒಂದೆರಡು ತಿಂಗಳು ಸಂಜೆ ಊಟದ ಹೊತ್ತಿನ ಆಸುಪಾಸಿನಲ್ಲಿ ತರಗತಿ. ಅಷ್ಟು ದಿನ ಹೇಗೋ ಹೊಂದಿಸಿಕೊಳ್ಳಿ, ಆಮೇಲೆ ಅರಂಗೇಟ್ರಂ, ಅಂದರೆ ಮೊದಲ ಪ್ರದರ್ಶನ. ಕೊನೆಯ ದಿನ ಯಾವುದು ಎಂದು ಎಲ್ಲರಿಗೂ ಗೊತ್ತಿರುತ್ತದೆ. "ಜೀವನಪೂರ್ತಿ ಬಾ" ಎಂದು ಕರೆದರೆ ಬಾರದವನು "ನಲವತ್ತು ದಿನ ಬಾ" ಎಂದರೆ ಬರುತ್ತಾನೆ. ಮನೆಯವರೂ ಒಪ್ಪುತ್ತಾರೆ. ಒಬ್ಬನೇ ಕಲಿಯುವುದಲ್ಲ, ಬೀದಿಗೆ ಬೀದಿಯೇ ಕಲಿಯುವುದರಿಂದ ಒಂದು ದಿನ ತಪ್ಪಿಸಿಕೊಂಡವನಿಗೆ ಪಕ್ಕದ ಮನೆಯವರೇ ಆ ದಿನದ ಹೆಜ್ಜೆ ತೋರಿಸಿಕೊಡುತ್ತಾರೆ.

ಎರಡು: ಸದ್ದು ಮಾಡಲು ಜಾಗ ಬೇಕು

ಚಿತ್ರ ಬರೆಯುವವನಿಗೆ ಒಂದು ಮೂಲೆ ಸಾಕು. ಬಾರಿಸುವವನಿಗೆ, ಹಾಡುವವನಿಗೆ, ಕುಣಿಯುವವನಿಗೆ ಅದು ಸಾಲದು. ತಿರುಪ್ಪೂರಿನಲ್ಲಿ ಕೆಲಸಗಾರರು ಇರುವುದು ಸಾಲು ಸಾಲಾಗಿ ಕಟ್ಟಿದ ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿ. ಗೋಡೆಯಾಚೆ ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಿರುತ್ತಾನೆ. ಅಲ್ಲಿ ಯಾರು ತಮಟೆ ಬಾರಿಸಲು ಬಿಡುತ್ತಾರೆ?

ಇದರ ಕಷ್ಟ ಚೆನ್ನಾಗಿ ಗೊತ್ತಿರುವುದು ಪರೈ ಕಲಿಯುವವರಿಗೆ. ಪರೈ ಎಂದರೆ ಮರದ ಚೌಕಟ್ಟಿಗೆ ಚರ್ಮ ಬಿಗಿದು ಎರಡು ಕೋಲಿನಿಂದ ಬಾರಿಸುವ ವಾದ್ಯ. ನುಡಿಸುವ ಮೊದಲು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುತ್ತಾರೆ. ನಮ್ಮ ದಫ್‌ನ ದೊಡ್ಡಣ್ಣ ಎಂದುಕೊಳ್ಳಿ. ಮಳೆಗಾಲದಲ್ಲಿ ದಫ್ ಸಡಿಲವಾಗಿ ಸದ್ದು ಸತ್ತುಹೋಗುವುದು ನಮ್ಮ ಹುಡುಗರಿಗೂ ಗೊತ್ತಲ್ಲ! ಪರೈಯನ್ನು ಬಹಳ ಕಾಲ ಸಾವಿನ ಮನೆಯ ವಾದ್ಯ, ಕೆಳಜಾತಿಯ ವಾದ್ಯ ಎಂದು ದೂರ ಇಟ್ಟಿದ್ದರು. ಈಗ ಕೊಯಮತ್ತೂರಿನಲ್ಲಿ ನಿಮಿರ್ವು ಕಲೈಯಗಂ ಎಂಬ ತಂಡ ವಿದ್ಯಾರ್ಥಿಗಳಿಗೆ, ಕೆಲಸಕ್ಕೆ ಹೋಗುವ ಯುವಕ ಯುವತಿಯರಿಗೆ ಪರೈ ಕಲಿಸುತ್ತಿದೆ. ನಿಮಿರ್ವು ಎಂದರೆ ತಲೆ ಎತ್ತಿ ನಿಲ್ಲುವುದು. ಇಂಥ ವಾದ್ಯ ಕಲಿಯುವವನು ದಾಟಬೇಕಾದ್ದು ಎರಡು ಗೋಡೆ. ಒಂದು, ಸದ್ದಿಗೆ ಸಿಟ್ಟಾಗುವ ನೆರೆಮನೆ. ಇನ್ನೊಂದು, "ಇದೆಲ್ಲ ನಮ್ಮಂಥವರು ಬಾರಿಸುವ ವಾದ್ಯವಾ?" ಎಂದು ಕೇಳುವ ಸ್ವಂತ ಮನೆ.

ಕುಮ್ಮಿ ತಂಡಗಳಿಗೆ ಜಾಗದ ತೊಂದರೆ ಅಷ್ಟಾಗಿ ಇಲ್ಲ. ಊರ ಗುಡಿಯ ಮುಂದಿನ ಬಯಲು, ಮದುವೆ ಮಂಟಪದ ಅಂಗಳ, ಶಾಲೆಯ ಮೈದಾನ ಅವರಿಗೆ ಸಿಗುತ್ತದೆ. ಸಿಗಲು ಕಾರಣ, ಅಲ್ಲಿ ಕಲಿಯುತ್ತಿರುವುದು ಆ ಬಯಲಿನ ಸುತ್ತ ಇರುವ ಮನೆಯವರದ್ದೇ ಮಕ್ಕಳು. ಸದ್ದು ಯಾರದ್ದು ಎಂಬುದರ ಮೇಲೆ ಅದು ಗಲಾಟೆಯೋ ಹಾಡೋ ಎಂದು ತೀರ್ಮಾನವಾಗುತ್ತದೆ.

ಮೂರು: ತಿದ್ದುವವರು ಯಾರು?

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಯೂಟ್ಯೂಬ್ ನೋಡಿ ಕಲಿಯುತ್ತಾರೆ, ರೀಲ್ಸ್ ಹಾಕುತ್ತಾರೆ. ಕುಮ್ಮಿ ಮತ್ತೆ ಜನಪ್ರಿಯವಾಗಲು ಈ ವಿಡಿಯೊಗಳೂ ಸಹಾಯ ಮಾಡಿವೆ, ಸುಳ್ಳಲ್ಲ. ಆದರೆ ವಿಡಿಯೊ ನಮಗೆ ತೋರಿಸುತ್ತದೆ, ನಮ್ಮನ್ನು ನೋಡುವುದಿಲ್ಲ. ನಿನ್ನ ಎಡಗಾಲು ಅರ್ಧ ತಾಳ ತಡವಾಗಿ ಬೀಳುತ್ತಿದೆ ಎಂದು ಅದು ಹೇಳುವುದಿಲ್ಲ. ಲೈಕ್ ಕೊಟ್ಟವರು ಯಾರೂ ತಪ್ಪು ಹೇಳುವುದಿಲ್ಲ. ಹೇಳುವವರು ಬೈಯುತ್ತಾರೆ. ಕಲಿಯುವವನಿಗೆ ಬೇಕಾದದ್ದು ಇವೆರಡರ ನಡುವಿನದ್ದು. ಪ್ರೀತಿಯಿಂದ, ಆದರೆ ಬಿಡದೆ ತಪ್ಪು ತೋರಿಸುವ ಒಬ್ಬ ಮನುಷ್ಯ.

ಊರ ಹಬ್ಬದ ಕುಮ್ಮಿ, ಒಯಿಲಾಟದ ನೆಲದಲ್ಲಿ ಬೆಳೆದು ದೊಡ್ಡವರಾದವರ ಉದಾಹರಣೆ ಬೇಕೆಂದರೆ ಉಡುಮಲೈ ನಾರಾಯಣ ಕವಿ ಇದ್ದಾರೆ. ಈಗಿನ ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೈ ಬಳಿಯ ಪೂಳವಾಡಿಯಲ್ಲಿ 1899ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವರು. ಹಳ್ಳಿಯ ಆಟಗಳಿಂದ ನಾಟಕಕ್ಕೆ, ನಾಟಕದಿಂದ ಸಿನಿಮಾಕ್ಕೆ ಹೋಗಿ ತಮಿಳಿನ ಹೆಸರಾಂತ ಗೀತೆ ರಚನಾಕಾರರಾದರು. 1981ರಲ್ಲಿ ತೀರಿಕೊಂಡ ಅವರಿಗೆ ಉಡುಮಲೈಪೇಟೈಯಲ್ಲಿ ಸ್ಮಾರಕ ಇದೆ. ಅವರಿಗೆ ಪದ್ಯ ಕಟ್ಟುವುದನ್ನು ಕಲಿಸಿದ್ದು ಯಾವ ಕಾಲೇಜೂ ಅಲ್ಲ. ಮುತ್ತುಸ್ವಾಮಿ ಕವಿರಾಯರ್ ಎಂಬ ಗುರು. ಇಂಥ ಒಬ್ಬ ಗುರು ಊರಿನಲ್ಲಿ ಇದ್ದರೆ ಬಡ ಹುಡುಗನ ದಾರಿ ಎಲ್ಲಿಗೂ ಹೋಗಬಹುದು. ಇಲ್ಲದಿದ್ದರೆ ಪ್ರತಿಭೆ ಅಲ್ಲೇ ಮುಗಿಯುತ್ತದೆ.

ಕುಮ್ಮಿಯಲ್ಲಿ ತಿದ್ದುವ ಕೆಲಸ ವೃತ್ತದೊಳಗೇ ನಡೆಯುತ್ತದೆ. ಮುಂದೆ ಇರುವವಳನ್ನು ನೋಡಿ ಹಿಂದಿನವಳು ಹೆಜ್ಜೆ ಇಡುತ್ತಾಳೆ. ಹೊಸಬರನ್ನು ಇಬ್ಬರು ಹಳಬರ ಮಧ್ಯೆ ನಿಲ್ಲಿಸಿದರೆ ಸಾಕು. ವಾತ್ಯಾರ್ ಒಬ್ಬರೇ ನೂರು ಜನರನ್ನು ತಿದ್ದಬೇಕಾಗಿಲ್ಲ. ದಫ್‌ನಲ್ಲಿ, ಕೋಲ್ಕಳಿಯಲ್ಲಿ ನಮಗೂ ಇದೇ ಅನುಕೂಲ ಇದೆ. ಕೋಲು ತಪ್ಪಿದರೆ ಎದುರಿನವನ ಕೈಗೆ ಪೆಟ್ಟು! ಅದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದಿದೆ?

ನಾಲ್ಕು: ನೋಡುವವರನ್ನು ಎಲ್ಲಿ ಹುಡುಕುವುದು?

ಹವ್ಯಾಸಿ ಕಲಾವಿದರ ದೊಡ್ಡ ದುಃಖ ಇದು. ಎಷ್ಟು ಅಭ್ಯಾಸ ಮಾಡಿದರೂ ಮುಂದೆ ಕೂರುವವರು ಬೇಕು. ಜನ ಬರಲಿ ಎಂದು ಕಾದರೆ ಬರುವುದಿಲ್ಲ.

ಕೊಯಮತ್ತೂರಿನ ಒಂದು ಹಳೆಯ ಕಥೆ ಇಲ್ಲಿ ನೆನಪಾಗುತ್ತದೆ. ಸ್ವಾಮಿಕಣ್ಣು ವಿನ್ಸೆಂಟ್ ಎಂಬವರು ರೈಲ್ವೆಯಲ್ಲಿ ಕೆಲಸಕ್ಕಿದ್ದವರು. 1905ರಲ್ಲಿ ಒಬ್ಬ ಫ್ರೆಂಚ್ ಪ್ರದರ್ಶಕನಿಂದ ಪ್ರೊಜೆಕ್ಟರ್ ಮತ್ತು ಕೆಲವು ತುಂಡು ಸಿನಿಮಾಗಳನ್ನು ಕೊಂಡರು. ಚಿತ್ರಮಂದಿರಗಳೇ ಇಲ್ಲದ ಕಾಲ. ಅವರು ಟೆಂಟ್ ಹೊತ್ತುಕೊಂಡು ಊರೂರು ಸುತ್ತಿದರು. ಜನ ಇದ್ದಲ್ಲಿಗೆ ತಾವೇ ಹೋದರು. ಹೀಗೆ ನೋಡುವ ಜನರನ್ನು ತಯಾರು ಮಾಡಿದ ಮೇಲೆಯೇ, 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರ ಕಟ್ಟಿದರು. ಮೊದಲು ಪ್ರೇಕ್ಷಕ, ಆಮೇಲೆ ಕಟ್ಟಡ. ನಾವು ಎಷ್ಟೋ ಸಲ ತಿರುಗಾ ಮುರುಗಾ ಮಾಡುತ್ತೇವೆ. ಮೊದಲು ದೊಡ್ಡ ಹಾಲ್ ಬುಕ್ ಮಾಡಿ, ಆಮೇಲೆ ಕುರ್ಚಿ ತುಂಬಿಸಲು ಫೋನ್ ಮಾಡುತ್ತಾ ಕೂರುತ್ತೇವೆ.

ಈಗಿನ ಕೊಯಮತ್ತೂರಿನ ಚಿತ್ರ ಕಲಾವಿದರೂ ಇದನ್ನೇ ಮಾಡುತ್ತಾರೆ. ಅವಿನಾಶಿ ರಸ್ತೆಯಲ್ಲಿ ಕಸ್ತೂರಿ ಶ್ರೀನಿವಾಸನ್ ಆರ್ಟ್ ಗ್ಯಾಲರಿ ಇದೆ. ಜವಳಿ ಸಂಶೋಧನೆಯ ಕ್ಷೇತ್ರದಲ್ಲಿ ದುಡಿದು, ಜೊತೆಗೆ ಕಲೆಯನ್ನೂ ಬಿಡದೆ ಇದ್ದ ಒಬ್ಬರ ಹೆಸರಿನ ಗ್ಯಾಲರಿ ಅದು. ಆದರೆ ಗ್ಯಾಲರಿಯ ಬಾಗಿಲು ದಾಟಿ ಒಳಗೆ ಹೋಗಲು ಸಾಮಾನ್ಯ ಜನ ಅಂಜುತ್ತಾರೆ. ಅದಕ್ಕೇ 2008ರಲ್ಲಿ ಶುರುವಾದ ಕೊಯಮತ್ತೂರು ವಿಳಾ ಎಂಬ ನಗರ ಹಬ್ಬದಲ್ಲಿ ಆರ್ಟ್ ಸ್ಟ್ರೀಟ್ ಎಂದು ಒಂದು ರಸ್ತೆಯನ್ನೇ ಕಲಾವಿದರಿಗೆ ಬಿಟ್ಟುಕೊಡುವ ಪದ್ಧತಿ ಬಂತು. ವೃತ್ತಿಯವರು, ಹವ್ಯಾಸಿಗಳು, ವಿದ್ಯಾರ್ಥಿಗಳು ಎಲ್ಲರೂ ಬೀದಿ ಬದಿಯಲ್ಲಿ ಚಿತ್ರ ಇಟ್ಟು ಕೂರುತ್ತಾರೆ. ಐಸ್‌ಕ್ರೀಂ ತಿನ್ನಲು ಬಂದವನೂ ಚಿತ್ರ ನೋಡಿ ಹೋಗುತ್ತಾನೆ.

ಕುಮ್ಮಿಯವರ ಉತ್ತರ ಇದಕ್ಕಿಂತಲೂ ಗಟ್ಟಿ. ಅವರ ಅರಂಗೇಟ್ರಂ ನಡೆಯುವುದು ಸ್ವಂತ ಊರಿನಲ್ಲಿ. ಕುಣಿಯುವವರು ನೂರು ಜನ ಇದ್ದರೆ ನೋಡಲು ಅವರ ಅಪ್ಪ ಅಮ್ಮ, ಅಜ್ಜಿ, ಮಾವ, ಕಂಪೆನಿಯ ಗೆಳೆಯರು ಬರುತ್ತಾರೆ. ಮೊದಲ ದಿನವೇ ಸಾವಿರ ಜನ. ಇಲ್ಲೇ ಬದ್ರಪ್ಪನ್ ಅವರಂಥವರು ಹೆಂಗಸರಿಗೆ ಕಲಿಸಿದ್ದರ ಮಹತ್ವ ಇರುವುದು. ಗಂಡಸು ಒಬ್ಬ ಕುಣಿದರೆ ಒಬ್ಬನೇ ಕುಣಿದ ಹಾಗೆ. ತಾಯಿ ಕಲಿತರೆ ಮಕ್ಕಳು ಜೊತೆಗೆ ಬರುತ್ತಾರೆ, ಗಂಡ ನೋಡಲು ಬರುತ್ತಾನೆ, ಅತ್ತೆ ಮುಂದಿನ ವರ್ಷ ತಾನೂ ಸೇರುತ್ತಾಳೆ. ಇನ್ನೊಂದು ಮಾತೂ ಇದೆ. ಒಮ್ಮೆ ನಲವತ್ತು ದಿನ ಹೆಜ್ಜೆ ಹಾಕಿದವಳು ಮುಂದೆ ಕುಣಿಯದಿದ್ದರೂ ಜೀವನಪೂರ್ತಿ ಒಳ್ಳೆಯ ಪ್ರೇಕ್ಷಕಿ ಆಗಿ ಉಳಿಯುತ್ತಾಳೆ. ಯಾವ ಹೆಜ್ಜೆ ಕಷ್ಟದ್ದು, ಯಾರು ಚೆನ್ನಾಗಿ ಹಾಕಿದರು ಎಂದು ಅವಳಿಗೆ ಗೊತ್ತು. ಗೊತ್ತಿದ್ದವರು ನೋಡಿದರೆ ಕಲಾವಿದ ಬೆಳೆಯುತ್ತಾನೆ.

ವೇದಿಕೆ ಕೊಟ್ಟವರ ಷರತ್ತು

ಇಲ್ಲಿಯವರೆಗೆ ಒಳ್ಳೆಯದನ್ನೇ ಹೇಳಿದೆವು. ಇನ್ನೊಂದು ಮುಖವನ್ನೂ ಹೇಳದಿದ್ದರೆ ಅದು ಅನ್ಯಾಯ.

ಕುಮ್ಮಿ ಬೆಳೆಯಿತು. ಸಾವಿರಾರು ಮಹಿಳೆಯರು ಒಂದೇ ಮೈದಾನದಲ್ಲಿ ಸೇರಿ ದಾಖಲೆಗಾಗಿ ಆಡುವ ಮಟ್ಟಕ್ಕೆ ಬಂತು. ಇಷ್ಟು ಜನ ಸೇರುವ ಜಾಗಕ್ಕೆ ರಾಜಕೀಯ ಬಾರದೆ ಇರುತ್ತದೆಯೇ? ಜಾತಿ ಸಂಘಟನೆಗಳು, ಪಕ್ಷದ ನಾಯಕರು ವೇದಿಕೆ ಹಾಕಿಕೊಟ್ಟರು, ಮೈಕ್ ಕೊಟ್ಟರು, ಸೀರೆ ಕೊಟ್ಟರು. ಜೊತೆಗೆ ಷರತ್ತೂ ಬಂತು. ಒಂದು ಕುಮ್ಮಿ ವೇದಿಕೆಯಲ್ಲಿ, ಸ್ವಂತ ಜಾತಿಯವರನ್ನೇ ಮದುವೆಯಾಗುತ್ತೇವೆ ಎಂದು ಹೆಣ್ಣುಮಕ್ಕಳಿಂದ ಪ್ರತಿಜ್ಞೆ ಮಾಡಿಸಿದ ವಿಡಿಯೊ ಹರಿದಾಡಿ ತಮಿಳುನಾಡಿನಲ್ಲಿ ದೊಡ್ಡ ಚರ್ಚೆಯಾಯಿತು. ವಿಪರ್ಯಾಸ ನೋಡಿ, ಆ ಕಲೆ ಹೇಳುವ ಕಥೆಯೇ ಬೇಡರ ಹುಡುಗಿಯನ್ನು ಪ್ರೀತಿಸಿ ಮದುವೆಯಾದ ಕಥೆ!

ಎಲ್ಲಾ ತಂಡಗಳೂ ಹೀಗಿಲ್ಲ. ಹೆಜ್ಜೆ ಹಾಕಲು ಬಂದ ಹುಡುಗಿಯರ ತಪ್ಪೂ ಅಲ್ಲ. ಅವರು ಬಂದದ್ದು ಕುಣಿಯಲು, ನಾಲ್ಕು ಜನ ನೋಡಲಿ ಎಂಬ ಆಸೆಯಿಂದ. ಆದರೆ ಪಾಠ ಮಾತ್ರ ಎಲ್ಲರಿಗೂ ಇದೆ. ಪ್ರೇಕ್ಷಕರಿಗಾಗಿ ಹಸಿದ ಕಲಾವಿದನನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು. ನಮ್ಮ ಕರಾವಳಿಯಲ್ಲೂ ತಂಡಗಳು ಯಾವ ಸಂಘಟನೆಗೆ, ಯಾವ ಪಕ್ಷಕ್ಕೆ ಸೇರಿದ್ದು ಎಂದು ಕೇಳುವ ಅಭ್ಯಾಸ ಇದೆ. ಒಂದು ಕಡೆಯವರ ಕಾರ್ಯಕ್ರಮದಲ್ಲಿ ಬಾರಿಸಿದರೆ ಇನ್ನೊಂದು ಕಡೆಯವರು ಕರೆಯುವುದಿಲ್ಲ. ಊರಿನ ಹುಡುಗರ ತಂಡ ಎರಡಾಗುತ್ತದೆ, ಎರಡೂ ಅರ್ಧಕ್ಕೆ ನಿಲ್ಲುತ್ತದೆ.

ಸರ್ಕಾರದಿಂದ ಏನು ಸಿಗುತ್ತದೆ?

ತಮಿಳುನಾಡಿನಲ್ಲಿ 2007ರಲ್ಲಿ ಜಾನಪದ ಕಲಾವಿದರ ಕಲ್ಯಾಣ ಮಂಡಳಿ ಬಂತು. ನೋಂದಾಯಿಸಿದ ಕಲಾವಿದರಿಗೆ ಮಕ್ಕಳ ಓದು, ಮದುವೆ ಮುಂತಾದವಕ್ಕೆ ನೆರವು ಸಿಗುತ್ತದೆ. ಜಿಲ್ಲಾ ಮಟ್ಟದಲ್ಲಿ ವಯಸ್ಸಿಗೆ ತಕ್ಕ ಐದು ಪ್ರಶಸ್ತಿಗಳಿವೆ. 18ರೊಳಗಿನವರಿಗೆ ಕಲೈ ಇಳಮಣಿ, 19ರಿಂದ 35ರವರಿಗೆ ಕಲೈ ವಳರ್‌ಮಣಿ, ಹೀಗೆ ಮುದುಕರವರೆಗೆ. ಇದು ಒಳ್ಳೆಯ ಯೋಚನೆ. ಹದಿನೆಂಟರ ಹುಡುಗ ಎಪ್ಪತ್ತರ ಹಿರಿಯರ ಜೊತೆ ಪೈಪೋಟಿ ಮಾಡಬೇಕಾಗಿಲ್ಲ. ಚೆನ್ನೈಯಲ್ಲಿ ಪೊಂಗಲ್ ಸಮಯದಲ್ಲಿ ಬೀದಿ, ಪಾರ್ಕುಗಳಲ್ಲಿ ನಡೆಯುವ ಜಾನಪದ ಹಬ್ಬವನ್ನು ಈಚೆಗೆ ಕೊಯಮತ್ತೂರಿನಂಥ ಬೇರೆ ನಗರಗಳಿಗೂ ಒಯ್ದಿದ್ದಾರೆ.

ಪಕ್ಕದ ಕೇರಳದಲ್ಲಿ 1957ರಿಂದ ಶಾಲಾ ಕಲೋತ್ಸವ ನಡೆಯುತ್ತಿದೆ. ಒಪ್ಪನ, ದಫ್‌ಮುಟ್ಟು, ಕೋಲ್ಕಳಿ, ವಟ್ಟಪ್ಪಾಟ್ಟು ಅಲ್ಲಿ ಸ್ಪರ್ಧೆಯ ವಿಭಾಗಗಳು. ಶಾಲೆಗೆ ಗುರುಗಳು ಬಂದು ಕಲಿಸುತ್ತಾರೆ, ತೀರ್ಪುಗಾರರು ತಪ್ಪು ಹುಡುಕುತ್ತಾರೆ. ಕಾಸರಗೋಡಿನ ನಮ್ಮ ಮಕ್ಕಳಿಗೆ ಈ ಭಾಗ್ಯ ಇದೆ, ಗಡಿ ದಾಟಿ ಈಚೆ ಇರುವ ಮಂಜನಾಡಿ, ಉಳ್ಳಾಲದ ಮಕ್ಕಳಿಗೆ ಅಷ್ಟರ ಮಟ್ಟಿಗೆ ಇಲ್ಲ. ಕರ್ನಾಟಕದಲ್ಲಿ 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಆದ ಮೇಲೆ ಭಾಷೆಗೆ, ಹಾಡಿಗೆ ಒಂದು ವಿಳಾಸ ಸಿಕ್ಕಿತು. ಆದರೆ ಅಕಾಡೆಮಿ ವರ್ಷಕ್ಕೆ ಕೆಲವು ವೇದಿಕೆ ಕೊಡಬಹುದು. ವಾರಕ್ಕೆ ಮೂರು ದಿನ ಅಭ್ಯಾಸಕ್ಕೆ ಜಾಗ ಕೊಡಬೇಕಾದವರು ಊರಿನವರೇ.

ನಮ್ಮ ತಂಡಗಳು ಏನು ಮಾಡಬಹುದು?

ವಾದ್ಯ, ಸಂಗೀತದ ಬಗ್ಗೆ ನಮ್ಮೊಳಗೆ ಅಭಿಪ್ರಾಯಭೇದ ಇದೆ. ಅದು ಈ ಲೇಖನದ ವಿಷಯವಲ್ಲ. ದಫ್, ಕೋಲ್ಕಳಿ, ಹಾಡು, ಕ್ಯಾಲಿಗ್ರಫಿ, ಚಿತ್ರ, ನಾಟಕ, ಕವಿತೆ, ಯಾವುದನ್ನು ಹಿಡಿದವರಿಗೂ ಈ ಮಾತುಗಳು ಅನ್ವಯಿಸುತ್ತವೆ.

ಅವಧಿ ನಿಗದಿ ಮಾಡಿ. "ತಂಡ ಕಟ್ಟೋಣ" ಎನ್ನುವ ಬದಲು "ನಲವತ್ತು ದಿನ ಕಲಿಯೋಣ, ಇಂಥ ದಿನ ಊರಿನ ಮುಂದೆ ತೋರಿಸೋಣ" ಎಂದು ಹೇಳಿ. ಹೋಟೆಲು, ಅಂಗಡಿ, ಮೀನು ವ್ಯಾಪಾರ, ರಿಕ್ಷಾ ಎಂದು ದುಡಿಯುವ ಹುಡುಗರ ರಜೆ ನೋಡಿಕೊಂಡು ಸಮಯ ಇಡಿ. ಕಾಲೇಜು ಹುಡುಗರ ಅನುಕೂಲ ಮಾತ್ರ ನೋಡಿದರೆ ಅರ್ಧ ಊರು ಹೊರಗೆ ಉಳಿಯುತ್ತದೆ.

ಜಾಗ ಕೇಳುವ ಮೊದಲು ಮಕ್ಕಳನ್ನು ಸೇರಿಸಿ. ಐದಾರು ಹುಡುಗರು ಸಭಾಂಗಣ ಕೇಳಿದರೆ ಜಮಾಅತ್ ಕಮಿಟಿ ಯೋಚಿಸುತ್ತದೆ. ಅದೇ ಕಮಿಟಿಯವರ ಮಕ್ಕಳು, ಮೊಮ್ಮಕ್ಕಳು ಕಲಿಯುತ್ತಿದ್ದರೆ ಕೀಲಿಕೈ ತಾನಾಗಿ ಬರುತ್ತದೆ.

ತಿದ್ದುವವರನ್ನು ಕರೆತನ್ನಿ. ಹಳೆಯ ಬೈತ್, ಹಳೆಯ ಹಾಡು, ಹೆಜ್ಜೆ ಗೊತ್ತಿರುವ ಒಬ್ಬರಾದರೂ ಹಿರಿಯರು ಪ್ರತಿ ಊರಿನಲ್ಲಿದ್ದಾರೆ. ಅವರನ್ನು ಶಾಲು ಹೊದಿಸಲು ಮಾತ್ರ ಕರೆಯಬೇಡಿ, ಅಭ್ಯಾಸಕ್ಕೆ ಕರೆಯಿರಿ. ಬಸ್ಸಿನ ಖರ್ಚು, ಅವರ ಸಮಯಕ್ಕೆ ಗೌರವಧನ ಕೊಡಿ. ಕಲಿಸಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಅವರು ಹೋದ ಮೇಲೆ ಅದನ್ನು ಹೇಳಿಕೊಡುವವರು ಇನ್ನೊಬ್ಬರು ಸಿಗಲಾರರು.

ಹೆಣ್ಣುಮಕ್ಕಳನ್ನು ಮರೆಯಬೇಡಿ. ಮದುವೆ ಮನೆಯ ಒಳಗೆ ಮೈಲಾಂಜಿ ಹಾಡು, ಒಪ್ಪನ ಉಳಿಸಿಕೊಂಡು ಬಂದವರು ನಮ್ಮ ತಾಯಂದಿರೇ. ಅವರಿಗೆ ಅವರದೇ ಕೂಟದಲ್ಲಿ, ಅವರದೇ ಪ್ರೇಕ್ಷಕರ ಮುಂದೆ ಕಲಿಯುವ, ಕಲಿಸುವ ವ್ಯವಸ್ಥೆ ಮಾಡಿದರೆ ಸಾಕು. ಕೇಳುವ ಒಂದು ಮನೆ ತಯಾರಾದರೆ ಕಲೆಗೆ ಮುಂದಿನ ತಲೆಮಾರು ಸಿಕ್ಕಿದ ಹಾಗೆ.

ಗಲ್ಫಿಗೆ ಹೋದವನ ಜಾಗಕ್ಕೆ ಮೊದಲೇ ಆಳು ತಯಾರು ಮಾಡಿ. ಹನ್ನೆರಡು ಜನರ ತಂಡಕ್ಕೆ ಹನ್ನೆರಡೇ ಜನ ಕಲಿತರೆ ಎರಡು ವೀಸಾ ಬಂದ ದಿನ ತಂಡ ಮುಗಿಯಿತು. ನಲವತ್ತು ಜನ ಕಲಿತಿದ್ದರೆ ಯಾರು ಹೋದರೂ ಬಂದರೂ ನಿಲ್ಲುವುದಿಲ್ಲ. ಕುಮ್ಮಿಯ ಗುಟ್ಟು ಇದೇ. ರಜೆಗೆ ಬಂದವನೂ ಬಂದು ಸುತ್ತಿನಲ್ಲಿ ನಿಲ್ಲಬಹುದು.

ಕೊನೆಯದಾಗಿ, ವೇದಿಕೆ ಒಪ್ಪಿಕೊಳ್ಳುವ ಮೊದಲು ಷರತ್ತು ಕೇಳಿ. ತಂಡ ಊರಿನದ್ದು, ಯಾವ ಬಣದ್ದೂ ಅಲ್ಲ ಎಂದು ಮೊದಲ ದಿನವೇ ತೀರ್ಮಾನ ಮಾಡಿಕೊಳ್ಳಿ.

ತಿರುಪ್ಪೂರಿನ ಟೈಲರ್ ಒಬ್ಬ ದಿನಕ್ಕೆ ನೂರಾರು ತೋಳು ಹೊಲಿಯುತ್ತಾನೆ. ಅವನು ಹೊಲಿದ ಬಟ್ಟೆಯ ಮೇಲೆ ಅವನ ಹೆಸರು ಇರುವುದಿಲ್ಲ. ರಾತ್ರಿ ಒಂದು ಗಂಟೆ ಊರ ಬಯಲಿನಲ್ಲಿ ಹೆಜ್ಜೆ ಹಾಕುವಾಗ ಮಾತ್ರ, ಸುತ್ತ ನಿಂತವರು ಅವನ ಹೆಸರು ಹಿಡಿದು ಕರೆಯುತ್ತಾರೆ. ಆ ಒಂದು ಗಂಟೆಗಾಗಿ ಅವನು ಓವರ್‌ಟೈಮ್ ಬಿಟ್ಟು ಬರುತ್ತಾನೆ. ನಮ್ಮ ಊರಿನ ಹುಡುಗರೂ ಬರುತ್ತಾರೆ. ಅಟ್ಟದ ಮೇಲಿನ ದಫ್‌ಗಳನ್ನು ಕೆಳಗಿಳಿಸಿ, ಧೂಳು ಒರೆಸಿ, ಒಮ್ಮೆ ಬಿಸಿಲಿಗೆ ಇಡಿ. ಚರ್ಮ ಬಿಗಿಯಾಗುವಷ್ಟರಲ್ಲಿ ಯಾರಾದರೂ ಇಬ್ಬರು "ಎಂತ ಮಾರಾಯ, ಪುನಃ ಶುರು ಮಾಡುವುದಾ?" ಎಂದು ಕೇಳಿಕೊಂಡು ಬಂದೇ ಬರುತ್ತಾರೆ.